ನಳ ಬಂದದ್ದನ್ನು ಮನೆಯೊಳಗೇ ಹೇಳುವ ದೀಪ: ಕಲಬುರಗಿಯ ಓಣಿಗೆ ಯಾವ ಸೆನ್ಸರ್, ಎಂಥ ಸೂಚನೆ?

ಓಣಿದೀಪ_ಕಲಬುರಗಿ

ಎಲ್ಲರಿಗೂ ಶರಣ್ರಿ. ಕಲಬುರಗಿ ಹಳೆ ಊರಿನ ಒಂದು ಓಣಿಗೆ ಸಣ್ಣದೊಂದು ಸೂಚಕ ಮಾಡೋದದ. 14 ಮನಿ, ಎಲ್ಲಾ ಶಹಾಬಾದ್ ಕಲ್ಲಿನ ದಪ್ಪ ಗೋಡಿ, ಒಂದಕ್ಕೊಂದು ಹತ್ತಿಕೊಂಡವು. ನಳ ಎರಡು ಮೂರು ದಿನಕ್ಕೊಮ್ಮೆ ಬರ್ತದ, ಇಂಥಾ ವ್ಯಾಳ್ಯಾ ಅಂತ ಇಲ್ಲ. ನಸುಕಿನ ಮೂರಕ್ಕೂ ಬರ್ತದ, ಮಧ್ಯಾಹ್ನಕ್ಕೂ ಬರ್ತದ. ಬಂದ್ರ ಒಂದೂವರೆ ತಾಸು ಇರ್ತದ, ಅಷ್ಟರಾಗ ಟಾಕಿ ತುಂಬಿಕೊಳ್ಳಬೇಕು.

ವಿಚಾರ ಹಿಂಗದ. ಓಣಿ ತುದಿಯ ಒಂದು ನಳಕ್ಕ ವೈಎಫ್-ಎಸ್201 ಫ್ಲೋ ಸೆನ್ಸರ್ (ನೀರಿನ ಹರಿವು ಅಳಿಯೋದು), ಅದಕ್ಕ ಇಎಸ್‌ಪಿ32 ಬೋರ್ಡು (ವೈಫೈ ಇರೋ ಸಣ್ಣ ಕಂಪ್ಯೂಟರ್ ಚಿಪ್ಪಿಂದು), ವೈಫೈ ಮ್ಯಾಲ ಪ್ರತಿ ಮನಿಗೆ ಸುದ್ದಿ. ಮನಿಯೊಳಗ ಒಂದು ಡಬ್ಬಿ: ನೀರು ಬಂದ್ರ ಹಸಿರು ದೀಪ, ಇಲ್ಲಂದ್ರ ಕೆಂಪು. ಸಂಗಡ ಎಲ್ಲರ ಮೊಬೈಲಿಗೆ ಒಂದು ಮೆಸೇಜು. ಖರ್ಚು ಮನಿಗೆ ಸಾವಿರ ರೂಪಾಯಿ ದಾಟಬಾರದು. ಎಲ್ಲಿ ತಪ್ಪಾಗ್ತದ, ತಿಳಿದೋರು ಹೇಳ್ರಿ.

ಪೈಪ್‌ಲೈನ್_ಸೇಡಂ

ಮೊದಲು ಸೆನ್ಸರ್ ಬಗ್ಗೆ ಹೇಳ್ತೀನಿ. ವೈಎಫ್-ಎಸ್201 ಒಳಗ ಒಂದು ಸಣ್ಣ ಪ್ಲಾಸ್ಟಿಕ್ ಚಕ್ರ, ಅದರಾಗ ಅಯಸ್ಕಾಂತ, ಹೊರಗ ಅಯಸ್ಕಾಂತ ಹಾದದ್ದನ್ನ ಹಿಡಿಯೋ ಹಾಲ್ ಸೆನ್ಸರ್. ನಿಮಿಷಕ್ಕ 1ರಿಂದ 30 ಲೀಟರ್ ಹರಿವಿಗೆ ಮಾಡಿದ್ದು, ಲೀಟರಿಗೆ ಸುಮಾರು 450 ಪಲ್ಸ್ ಕೊಡ್ತದ. ಯಾವಾಗಲೂ ನೀರು ತುಂಬಿರೋ ಲೈನಿಗೆ ಅದು ಛಲೋ. ನಮ್ಮ ಲೈನ್ ಎರಡು ದಿನ ಖಾಲಿ ಇರ್ತದ. ನೀರು ಬಿಟ್ಟಾಗ ಮುಂದಿನಿಂದ ಮೊದಲು ಬರೋದು ಗಾಳಿ. ಆ ಗಾಳಿ ಚಕ್ರಾನ ನೀರಿಗಿಂತ ಜೋರಾಗಿ ತಿರುಗಿಸ್ತದ. ಸೆನ್ಸರಿಗೆ ಅದು ಗಾಳಿನೋ ನೀರೋ ಗೊತ್ತಾಗೋದಿಲ್ಲ. ಒಮ್ಮೊಮ್ಮೆ ಬರೀ ಗಾಳಿ ಬಂದು ನೀರು ಬರೋದೇ ಇಲ್ಲ, ಆಗ ನಿಮ್ಮ ದೀಪ ಓಣಿ ತುಂಬ ಸುಳ್ಳು ಹೇಳ್ತದ.

ಎರಡನೇದು, ನಳದ ತೋಟಿ ಮುಚ್ಚಿದ್ರ ಹರಿವೇ ಇಲ್ಲ, ಚಕ್ರ ತಿರುಗೋದಿಲ್ಲ. ಅಂದ್ರ ತೋಟಿ ಸದಾ ತೆರೆದಿಡಬೇಕು. ಮೂರನೇದು, ಮಳಿಗಾಲದಾಗ ಭೀಮಾ, ಬೆಣ್ಣೆತೊರಾ ನೀರಿನ ಸಂಗಡ ರೇವಿ ಬರ್ತದ. ಚಕ್ರದ ಅಚ್ಚಿನ ಸುತ್ತ ಕುಂತ್ರ ಮುಗೀತು.

ಓಣಿದೀಪ_ಕಲಬುರಗಿ

ಹಂಗಾದ್ರ ಪ್ರೆಶರ್ ಸೆನ್ಸರ್ ಹಾಕಿದ್ರ? ತೋಟಿ ಮುಚ್ಚಿದ್ರೂ ಒತ್ತಡ ತೋರಸ್ತದಲ್ಲ.

ಪೈಪ್‌ಲೈನ್_ಸೇಡಂ

ತೋರಸ್ತದ, ಆದ್ರ ಲೆಕ್ಕ ಹಾಕಿ ನೋಡ್ರಿ. ಪ್ಯಾಟ್ಯಾಗ ಸಿಗೋದು 0ರಿಂದ 0.5 ಮೆಗಾಪಾಸ್ಕಲ್, 5 ವೋಲ್ಟಿಗೆ ನಡೆದು 0.5ರಿಂದ 4.5 ವೋಲ್ಟ್ ಕೊಡೋದು. ಅಂದ್ರ ಕಿಲೋಪಾಸ್ಕಲಿಗೆ 8 ಮಿಲಿವೋಲ್ಟ್. ಓಣಿ ತುದಿಯೊಳಗ ಒತ್ತಡ ಒಂದು ಮೀಟರ್ ನೀರಿನಷ್ಟೇ ಇದ್ರ 10 ಕಿಲೋಪಾಸ್ಕಲ್, ನಿಮಗ ಸಿಗೋದು 80 ಮಿಲಿವೋಲ್ಟ್ ಏರಿಕೆ. ಸೆನ್ಸರಿನ ಸ್ವಂತ ತಪ್ಪು ಪೂರ್ಣ ಅಳತೆಯ ಶೇಕಡಾ 1.5 ಅಂತ ಇಟ್ಟರೂ 7.5 ಕಿಲೋಪಾಸ್ಕಲ್ ಆಯ್ತು. ನೀರು ಬಂದದ್ದು ಹೆಚ್ಚು ಕಡಿಮಿ ಆ ತಪ್ಪಿನೊಳಗೇ ಮುಳುಗಿ ಹೋಗ್ತದ. ಮ್ಯಾಲ ಇಎಸ್‌ಪಿ32ರ ಎಡಿಸಿ (ವೋಲ್ಟನ್ನ ಅಂಕಿ ಮಾಡೋ ಭಾಗ) ಸೀದಾ ಅಳೆಯೋದಿಲ್ಲ, ಅದೇ ಕೆಲಸಕ್ಕ ಎಡಿಎಸ್1115 ಚಿಪ್ಪು ಬೇರೆ ಹಾಕಬೇಕು. ತೋಟಿ ಮುಚ್ಚಿದಾಗ ಒತ್ತಿ ಕೂತ ಗಾಳಿನೂ ಒತ್ತಡಾನೇ ತೋರಸ್ತದ. ಗಾಳಿ ಸಮಸ್ಯಾ ಎಲ್ಲಿತ್ತೋ ಅಲ್ಲೇ ಉಳೀತು.

ನೋಟ_ಕೇಳ್ಮೆ

ಸಂಶೋಧನೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಇದೇ ವಿಷಯವನ್ನು ಓದಿ ನಕಲು ಮಾಡಲು ಹೋದವರು ಎಡವುವುದು ಇಲ್ಲೇ. ಮನೆಯ ಪೈಪಿಗೆ ಒಂದೇ ಕಡೆ ಕಿವಿಯಿಟ್ಟು ಇಡೀ ಮನೆಯ ನೀರಿನ ಬಳಕೆ ತಿಳಿಯುವ ಪ್ರಯತ್ನಗಳು ಸರ್ವವ್ಯಾಪಿ ಗಣಕದ (ಮನೆ, ವಸ್ತುಗಳೊಳಗೇ ಗಣಕ ಬೆರೆಸುವ) ಕ್ಷೇತ್ರದಲ್ಲಿ ಹೆಸರುವಾಸಿ. 2006ರಲ್ಲಿ ಫೋಗರ್ಟಿ ಮತ್ತು ಸಂಗಡಿಗರು ನೆಲಮಾಳಿಗೆಯ ಪೈಪುಗಳಿಗೆ ಅಗ್ಗದ ಮೈಕ್ರೊಫೋನ್ ಅಂಟಿಸಿ ಸದ್ದಿನಿಂದ ಬಳಕೆ ಗುರುತಿಸಿದರು. 2009ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೈಡ್ರೋಸೆನ್ಸ್ ಒಂದೇ ಪ್ರೆಶರ್ ಸೆನ್ಸರಿನಿಂದ ಯಾವ ತೋಟಿ ತೆರೆಯಿತು ಎಂದು ಹೇಳಿತು. ತೋಟಿ ತೆರೆದಾಗ, ಮುಚ್ಚಿದಾಗ ಪೈಪಿನೊಳಗೆ ಏಳುವ ಒತ್ತಡದ ಅಲೆಯೇ ಅದರ ಆಧಾರ.

ಆ ಅಲೆ ಏಳಬೇಕಾದರೆ ಪೈಪು ತುಂಬಿರಬೇಕು, ಒತ್ತಡದಲ್ಲಿರಬೇಕು. ಇಪ್ಪತ್ನಾಲ್ಕು ತಾಸು ನೀರಿರುವ ಊರಿನ ಊಹೆ ಆ ಗಣಿತದ ಒಳಗೇ ಕೂತಿದೆ. ನಮ್ಮ ಪ್ರಶ್ನೆ ಬೇರೆ: ಯಾವ ತೋಟಿ ತೆರೆಯಿತು ಎಂದಲ್ಲ, ಪೈಪಿನಲ್ಲಿ ನೀರಿದೆಯೋ ಗಾಳಿಯಿದೆಯೋ ಎಂದು. ಪ್ರಶ್ನೆ ಬದಲಾದಾಗ ಸೆನ್ಸರೂ ಬದಲಾಗಬೇಕು.

ಹನಿನೀರು_ಯಾದಗಿರಿ

ಗಾಳಿ ಮತ್ತ ನೀರಿನ ನಡುವಿನ ಫರಕು ಹಿಡಿಬೇಕಂದ್ರ ಹೊಲದಾಗಿನ ಹನಿ ನೀರಾವರಿಯ ಡ್ರಿಪ್ಪರ್ ಸಾಕು ನೋಡ್ರಿ. ಎಲೆಕ್ಟ್ರಾನಿಕ್ಸ್ ಆಮ್ಯಾಲ.

ನಳದ ಪೈಪಿಗೆ ತೋಟಿಗಿಂತ ಮುಂಚೆ ಒಂದು ಟೀ (ಮೂರು ಬಾಯಿಯ ಜೋಡಣಿ) ಹಾಕ್ರಿ. ಅದಕ್ಕ ಸಣ್ಣ ಸ್ಕ್ರೀನ್ ಫಿಲ್ಟರ್ (120 ಮೆಶ್), ಅದರ ಮುಂದ ಮೈಕ್ರೋಟ್ಯೂಬು (ತೆಳ್ಳನ ನಳಿಗಿ), ತುದಿಗೆ ಬಿಚ್ಚಿ ತೊಳಿಯೋ ನಮೂನಿ ಆನ್‌ಲೈನ್ ಡ್ರಿಪ್ಪರ್ (ಪೈಪಿಗೆ ಹೊರಗಿಂದ ಹಚ್ಚೋದು), ತಾಸಿಗೆ 4 ಲೀಟರಿಂದು. 2 ಲೀಟರಿಂದು ಬ್ಯಾಡ, ದಾರಿ ಸಣ್ಣದು, ರೇವಿ ಲಗೂ ಕಟ್ತದ. ಗಾಳಿ ಬಂದ್ರ ಡ್ರಿಪ್ಪರಿನಿಂದ ಸುಮ್ಮನ ಹೊರಗ ಹೋಗ್ತದ, ಏನೂ ತೊಯ್ಯೋದಿಲ್ಲ. ನೀರು ಬಂದ್ರ ಹನಿ ಬೀಳ್ತದ. ತೋಟಿ ಮುಚ್ಚಿದ್ರೂ ಬೀಳ್ತದ.

ಒತ್ತಡ ಕಡಿಮಿ ಇದ್ರ ಹನಿ ಬೀಳ್ತದೋ ಇಲ್ಲೋ ಅಂತ ಕೇಳ್ತೀರಿ. ಸಾದಾ ಡ್ರಿಪ್ಪರಿನ ಹರಿವು ಒತ್ತಡದ ವರ್ಗಮೂಲದಂಗ ಇಳೀತದ. 1 ಬಾರ್‌ಗೆ 4 ಲೀಟರ್ ಇದ್ರ 0.15 ಬಾರ್‌ಗೆ ಸುಮಾರು ಒಂದೂವರೆ ಲೀಟರ್, ನಿಮಿಷಕ್ಕ 25 ಮಿಲಿಲೀಟರ್. ಹನಿಗೆ 0.05 ಮಿಲಿಲೀಟರ್ ಹಿಡಿದ್ರ ಸೆಕೆಂಡಿಗೆ ಎಂಟು ಹನಿ. ಬೇಕಾದಷ್ಟಾಯ್ತು. ಒತ್ತಡ ಸರಿ ಮಾಡಿಕೊಳ್ಳೋ ಪಿಸಿ ಡ್ರಿಪ್ಪರ್ ಮಾತ್ರ ತರಬ್ಯಾಡ್ರಿ, ಅದರೊಳಗಿನ ರಬ್ಬರ್ ಇಷ್ಟು ಕಡಿಮಿ ಒತ್ತಡಕ್ಕ ಮಾಡಿದ್ದಲ್ಲ.

ಹನಿ ಬೀಳೋ ಕಡೆ ಓರೆಯಾಗಿ ಒಂದು ಪಿವಿಸಿ ಪಟ್ಟಿ. ಅದರ ಮ್ಯಾಲ ಎರಡು ಸ್ಟೀಲ್ ಬೋಲ್ಟು, ಎಂ3 ಸೈಜು, ನಡುವ 10 ಮಿಲಿಮೀಟರ್. ನೀರು ಪಟ್ಟಿ ಮ್ಯಾಲಿಂದ ಹರಿದು ಟಾಕಿಗೇ ಬೀಳಲಿ, ಹಾಳಾಗೋದು ಬ್ಯಾಡ. ಓರೆ ಯಾಕಂದ್ರ ನೀರು ನಿಂತ ಕೂಡಲೇ ಪಟ್ಟಿ ಒಣಗಬೇಕು. ಚಪ್ಪಟಿ ಇಟ್ರ ಒಂದು ಹನಿ ಎರಡು ಬೋಲ್ಟಿನ ನಡುವ ಕುಂತು ತಾಸುಗಟ್ಟಲೆ "ನೀರದ" ಅಂತದ.

ಒಂದು ಮಾತು ಮರೀಬ್ಯಾಡ್ರಿ. ಪೈಪಿಗೆ ನೇರ ಮೋಟರ್ ಹಚ್ಚೋರು ಇರ್ತಾರ. ಅವರು ಎಳೆದಾಗ ಲೈನಿನಾಗ ಹಿಂದಕ್ಕ ಜಗ್ಗುವ ಒತ್ತಡ ಬರ್ತದ. ಡ್ರಿಪ್ಪರಿನ ತುದಿ ಟಾಕಿ ನೀರಾಗ ಮುಳುಗಿದ್ರ ಆ ಟಾಕಿ ನೀರು ಓಣಿ ಲೈನಿಗೆ ಹೋಗ್ತದ. ತುದಿ ಯಾವಾಗಲೂ ಟಾಕಿಯ ಅಂಚಿಗಿಂತ ಒಂದು ಗೇಣು ಮ್ಯಾಲೇ ಇರಬೇಕು. ಕುಡಿಯೋ ನೀರದು.

ತಂತಿ_ಬೆಸುಗೆ

ಹನಿನೀರು ಅಣ್ಣಾರು ಹೇಳಿದ್ದು ಬಹಳ ಚೆನ್ನಾಗಿದೆ. ಬೋಲ್ಟುಗಳಿಗೆ ಸದಾ 3.3 ವೋಲ್ಟ್ ಡಿಸಿ ಕೊಟ್ಟು ಬಿಟ್ಟರೆ ವಿದ್ಯುದ್ವಿಭಜನೆಯಿಂದ ಪ್ಲಸ್ ಕಡೆಯ ಬೋಲ್ಟು ಸವೆದುಹೋಗುತ್ತದೆ, ನೀರಿಗೂ ಲೋಹ ಸೇರುತ್ತದೆ. ಎರಡೂ ಬೋಲ್ಟನ್ನು ಇಎಸ್‌ಪಿ32ರ ಎರಡು ಜಿಪಿಐಒ ಪಿನ್ನಿಗೆ (ವೋಲ್ಟ್ ಕೊಡಲೂ ಓದಲೂ ಬರುವ ಪಿನ್ನು) ಕೊಡಿ, ಪ್ರತಿ ಬದಿಗೂ 100 ಕಿಲೋಓಮ್. ಮೊದಲು ಒಂದು ಪಿನ್ ಮೇಲೆ, ಇನ್ನೊಂದು ಓದುವುದು, 2 ಮಿಲಿಸೆಕೆಂಡು. ಆಮೇಲೆ ತಿರುವುಮುರುವು, ಮತ್ತೆ 2 ಮಿಲಿಸೆಕೆಂಡು. ಆಮೇಲೆ ಎರಡೂ ಬಿಡುವು. 20 ಸೆಕೆಂಡಿಗೊಮ್ಮೆ ಎದ್ದು ಇಷ್ಟು ಮಾಡಿ ಮಲಗಿದರೆ ಬೋಲ್ಟು ವರ್ಷಗಟ್ಟಲೆ ಬಾಳುತ್ತದೆ.

ನಿರ್ಧಾರ ಹೀಗಿರಲಿ: ಮೂರು ಸಲ ಸತತ ಒದ್ದೆ ಕಂಡರೆ "ಬಂದದ", ಅಂದರೆ ಒಂದು ನಿಮಿಷ. ಹದಿನೈದು ಸಲ ಸತತ ಒಣ ಕಂಡರೆ "ಹೋಯ್ತು", ಅಂದರೆ ಐದು ನಿಮಿಷ. ಶುರುವಿನಲ್ಲಿ ಗಾಳಿ ನೀರು ಕೂಡಿ ಪಿಚಕಾರಿಯಂತೆ ಉಗುಳುವಾಗ ದೀಪ ಮಿಣಮಿಣ ಎನ್ನಬಾರದಲ್ಲ. ಒಂದು ನಿಮಿಷ ತಡವಾದರೆ ನಷ್ಟವಿಲ್ಲ, ಮೊದಲ ಕೆಂಪು ನೀರನ್ನು ಯಾರೂ ತುಂಬಿಕೊಳ್ಳುವುದಿಲ್ಲ.

ಬ್ಯಾಟರಿ ಲೆಕ್ಕ: ಏಳಲು, ಓದಲು 0.3 ಸೆಕೆಂಡು, 40 ಮಿಲಿಆಂಪಿಯರ್. 20 ಸೆಕೆಂಡಿಗೆ ಹಂಚಿದರೆ ಸರಾಸರಿ 0.6, ದಿನಕ್ಕೆ ಸುಮಾರು 14 ಮಿಲಿಆಂಪಿಯರ್-ತಾಸು. ಮೂರು ಎಎ ಆಲ್ಕಲೈನ್ ಸೆಲ್ಲು ನಾಲ್ಕು ತಿಂಗಳು ಬರುತ್ತವೆ. ಆದರೆ ಡೆವಲಪ್‌ಮೆಂಟ್ ಬೋರ್ಡು ಹಾಕಿದರೆ ಈ ಲೆಕ್ಕ ಸುಳ್ಳು. ಅದರ ಎಎಂಎಸ್1117 ರೆಗ್ಯುಲೇಟರು ಮತ್ತು ಯುಎಸ್‌ಬಿ ಚಿಪ್ಪು ಇಎಸ್‌ಪಿ32 ಮಲಗಿದ್ದಾಗಲೂ ಹಲವು ಮಿಲಿಆಂಪಿಯರ್ ತಿನ್ನುತ್ತವೆ. ಬರಿಯ ವ್ರೂಮ್ ಮಾಡ್ಯೂಲು (ಬೋರ್ಡಿಲ್ಲದ ಇಎಸ್‌ಪಿ32), ಎಚ್‌ಟಿ7333 ರೆಗ್ಯುಲೇಟರು ತನ್ನಿ. ಆ ರೆಗ್ಯುಲೇಟರು 250 ಮಿಲಿಆಂಪಿಯರಿಗಿಂತ ಹೆಚ್ಚು ಕೊಡದು, ಆದ್ದರಿಂದ ವೈಫೈ ಶುರು ಮಾಡಬೇಡಿ.

ಓಣಿದೀಪ_ಕಲಬುರಗಿ

ವೈಫೈ ಇಲ್ಲಂದ್ರ ಸುದ್ದಿ ಹೆಂಗ ಹೋಗ್ತದ್ರಿ?

ಅಲೆ_866

ಲೋರಾ ಹಾಕಿ, ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಣ್ಣ ಸುದ್ದಿ ಕಳಿಸುವ ರೇಡಿಯೊ ಅದು. ಶಹಾಬಾದ್ ಕಲ್ಲಿನ ದಪ್ಪ ಗೋಡೆ ಒಂದರ ಹಿಂದೆ ಒಂದು ಬಂದರೆ ವೈಫೈನ 2.4 ಗಿಗಾಹರ್ಟ್ಸ್ ಎರಡನೇ ಮನೆ ದಾಟುವಷ್ಟರಲ್ಲಿ ಸೋಲುತ್ತದೆ. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಗೆ ಲೈಸೆನ್ಸ್ ಬೇಡ. ಅದರ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, ಗೋಡೆಯಲ್ಲಿ ಕಡಿಮೆ ಸಾಯುತ್ತದೆ.

ಕೊಳ್ಳುವಾಗ ಎಚ್ಚರ: ಆರ್‌ಎ-02 ಎಂದು ಅಗ್ಗಕ್ಕೆ ಸಿಗುವುದು 433 ಮೆಗಾಹರ್ಟ್ಸಿನದು. ನಿಮಗೆ ಬೇಕಾದದ್ದು ಆರ್‌ಎ-01ಎಚ್ ಅಥವಾ ಆರ್‌ಎಫ್‌ಎಂ95ರ 868 ಮಾದರಿ. ರೇಡಿಯೊದ ಸೆಟ್ಟಿಂಗು: 865.4025 ಮೆಗಾಹರ್ಟ್ಸ್, ಬ್ಯಾಂಡ್‌ವಿಡ್ತ್ 125 ಕಿಲೋಹರ್ಟ್ಸ್, ಸ್ಪ್ರೆಡಿಂಗ್ ಫ್ಯಾಕ್ಟರ್ 9. ಆರು ಬೈಟಿನ ಸುದ್ದಿ ಗಾಳಿಯಲ್ಲಿರುವುದು ಸುಮಾರು 125 ಮಿಲಿಸೆಕೆಂಡು. ಆಂಟೆನಾಗೆ ಒಂಟಿ ತಾಮ್ರದ ತಂತಿ 82 ಮಿಲಿಮೀಟರ್ ಸಾಕು, ನೆಟ್ಟಗೆ ನಿಲ್ಲಿಸಿ. ಆಂಟೆನಾ ಇಲ್ಲದೆ ಒಂದು ಸಲವೂ ಕಳಿಸಬೇಡಿ, ಒಳಗಿನ ಆಂಪ್ಲಿಫೈಯರು ಸುಟ್ಟುಹೋಗಬಹುದು.

ನೀರು ಬಂದಾಗ, ಹೋದಾಗ ಅದೇ ಸುದ್ದಿಯನ್ನು ಮೂರು ಸಲ, ನಡುವೆ ಒಂದೆರಡು ಸೆಕೆಂಡು ಬಿಟ್ಟು ಕಳಿಸಿ. ಅದರ ಹೊರತಾಗಿ 10 ನಿಮಿಷಕ್ಕೊಮ್ಮೆ "ನಾನಿದ್ದೇನೆ" ಎಂಬ ಸುದ್ದಿ. ಇದಕ್ಕೆ ದಿನಕ್ಕೆ ಒಂದು ಮಿಲಿಆಂಪಿಯರ್-ತಾಸೂ ಆಗುವುದಿಲ್ಲ.

ಮನೆಯೊಳಗಿನ ಡಬ್ಬಿ ಎಲ್ಲಿಡಬೇಕೆಂದು ನೋಡುವಾಗ ಬಾಗಿಲು ಮುಚ್ಚಿ ಆರ್‌ಎಸ್‌ಎಸ್‌ಐ (ಬಂದು ಮುಟ್ಟಿದ ಸಿಗ್ನಲ್ಲಿನ ಬಲ) ಓದಿ. ಈ ಸೆಟ್ಟಿಂಗಿಗೆ ರೇಡಿಯೊ ಸುಮಾರು -129 ಡಿಬಿಎಂ ತನಕ ಕೇಳಿಸಿಕೊಳ್ಳುತ್ತದೆ. ಆದರೂ -105ಕ್ಕಿಂತ ಕೆಳಗಿಳಿದ ಜಾಗ ಬೇಡ. ಸ್ಟೀಲ್ ಕಪಾಟು ಆಚೀಚೆ ಸರಿದರೆ, ಮಳೆಗೆ ಗೋಡೆ ನೆನೆದರೆ ಬೇಕಾಗುವ ಉಳಿಕೆ ಅದು.

ಕೊಡದ_ಸಪ್ಪಳ_ಬೀದರ್

ಸೆನ್ಸರ್, ರೇಡಿಯೊ ಎರಡೂ ಸರಿ ದಾರಿಗೆ ಬಂದವು. ಈಗ ಈ ಕೆಲಸದ ಜೀವ ಇರುವ ಕಡೆ ಬರೋಣ. ಓಣಿಯಲ್ಲಿ ಈಗ ನೀರು ಬಂದದ್ದು ಹೇಗೆ ತಿಳಿಯುತ್ತದೆ? ಡಬ್ಬಿ ಕಟ್ಟುವ ಮುನ್ನ ಅದನ್ನು ನೋಡಬೇಕು.

ತೋಟಿ ತೆರೆದಿಟ್ಟು ಕೆಳಗೆ ಖಾಲಿ ಕೊಡ ಇಡುತ್ತಾರೆ. ಮೊದಲು ಬುಸ್ ಎಂದು ಗಾಳಿ. ಆಮೇಲೆ ಕೆಮ್ಮಿದಂತೆ ಪಿಚಿಕ್ ಪಿಚಿಕ್. ಆಮೇಲೆ ಕೊಡದ ತಳಕ್ಕೆ ಧಾರೆ ಬಿದ್ದ ಸಪ್ಪಳ. ಕೊಡ ತುಂಬುತ್ತ ಹೋದಂತೆ ಸಪ್ಪಳದ ಸ್ವರ ಏರುತ್ತದೆ, ನೋಡದೆಯೇ ಅರ್ಧ ತುಂಬಿತು, ಮುಕ್ಕಾಲು ತುಂಬಿತು ಎಂದು ಗೊತ್ತಾಗುತ್ತದೆ. ರೊಟ್ಟಿ ಬಡಿಯುವ ಕೈ ನಿಲ್ಲುವುದಿಲ್ಲ, ಮಾತು ನಿಲ್ಲುವುದಿಲ್ಲ, ಕಿವಿಯ ಒಂದು ಮೂಲೆ ಕೊಡದ ಕಡೆ ಇರುತ್ತದೆ ಅಷ್ಟೆ.

ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾಲಯದ ಗಣಕ ವಿಜ್ಞಾನಿ ಮಾರ್ಕ್ ವೈಸರ್ 1991ರಲ್ಲಿ ಬರೆದದ್ದು ಇದನ್ನೇ: ಗಣಕ ಕಣ್ಣೆದುರು ಕೂತು ಗಮನ ಬೇಡಬಾರದು, ಬದುಕಿನ ಹಿನ್ನೆಲೆಯಲ್ಲಿ ಕರಗಿ ಹೋಗಬೇಕು. ಅದೇ ಪಾರ್ಕ್‌ನಲ್ಲಿ ಕಲಾವಿದೆ ನಟಾಲಿ ಜೆರೆಮಿಜೆಂಕೊ ಚಾವಣಿಯ ಮೋಟರಿಗೆ ಎಂಟು ಅಡಿ ಪ್ಲಾಸ್ಟಿಕ್ ದಾರ ಇಳಿಬಿಟ್ಟು ಅದನ್ನು ಈಥರ್‌ನೆಟ್ ತಂತಿಗೆ ಜೋಡಿಸಿದ್ದರು. ನೆಟ್‌ವರ್ಕ್ ಸಡಿಲವಿದ್ದರೆ ದಾರ ಆಗೊಮ್ಮೆ ಈಗೊಮ್ಮೆ ಅಲುಗುತ್ತಿತ್ತು, ದಟ್ಟಣೆಯಾದರೆ ಗರಗರ ಸುತ್ತುತ್ತಿತ್ತು. ಯಾರೂ ಪರದೆ ನೋಡಬೇಕಿರಲಿಲ್ಲ. ಹೀಗೆ ಗಮನ ಬೇಡದ ಶಾಂತ ತಂತ್ರಜ್ಞಾನಕ್ಕೆ ಇಂದಿಗೂ ಅದೇ ಉದಾಹರಣೆ ಕೊಡುತ್ತಾರೆ. ಖಾಲಿ ಕೊಡ ಆ ದಾರಕ್ಕಿಂತ ಒಂದು ಹೆಜ್ಜೆ ಮುಂದೆ: ಅದು ಸುದ್ದಿಯನ್ನೂ ಹೇಳುತ್ತದೆ, ಕೆಲಸವನ್ನೂ ಶುರು ಮಾಡುತ್ತದೆ.

ಹಾಗಾದರೆ ಕೊಡ ಎಲ್ಲಿ ಸೋಲುತ್ತದೆ? ಒಳಕೋಣೆಗೆ, ಮೇಲ್ಮಾಳಿಗೆಗೆ ಸಪ್ಪಳ ತಲುಪುವುದಿಲ್ಲ. ಕಿವಿ ಮಂದವಾದವರಿಗೆ ಕೇಳದು. ಸ್ಟೀಲ್, ತಾಮ್ರದ ಕೊಡದ ಜಾಗಕ್ಕೆ ಪ್ಲಾಸ್ಟಿಕ್ ಬಂದ ಮೇಲೆ ಸಪ್ಪಳವೇ ಕುಗ್ಗಿದೆ. ಮನೆಯವರು ನಿದ್ದೆಯಲ್ಲಿದ್ದರೆ ನೀರು ತುಂಬಿ ಚರಂಡಿಗೆ. ನಿಮ್ಮ ದೀಪ ಈ ನಾಲ್ಕಕ್ಕೆ ಉತ್ತರ ಕೊಟ್ಟರೆ ಸಾಕು. ಕೊಡವನ್ನು ತೆಗೆಸಲು ಹೋಗಬೇಡಿ, ಅದರ ಸಪ್ಪಳವನ್ನು ಒಳಕೋಣೆಗೆ ಮುಟ್ಟಿಸಿ.

ನೋಟ_ಕೇಳ್ಮೆ

ಇದಕ್ಕಿಂತ ಚೆನ್ನಾಗಿ ಹೇಳಲಾಗದು. ಇದರ ಮೇಲೆ ದೀಪದ ವಿಚಾರ ಕಟ್ಟುತ್ತೇನೆ.

ಎರಡಲ್ಲ, ಮೂರು ಸ್ಥಿತಿ ಬೇಕು: ಬಂದದ, ಬಂದಿಲ್ಲ, ಗೊತ್ತಿಲ್ಲ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ದೀಪ ಆರಿದೆ ಎಂದರೆ ನೀರಿಲ್ಲವೆಂದೋ, ಡಬ್ಬಿ ಸತ್ತಿದೆಯೆಂದೋ? ಒಮ್ಮೆ ಸತ್ತ ಡಬ್ಬಿಯನ್ನು ನಂಬಿ ನೀರು ತಪ್ಪಿಸಿಕೊಂಡ ಮನೆ ಮತ್ತೆ ಅದನ್ನು ನಂಬುವುದಿಲ್ಲ. ಆದ್ದರಿಂದ "ಬಂದಿಲ್ಲ" ಎಂದರೆ ಹತ್ತು ಸೆಕೆಂಡಿಗೊಮ್ಮೆ ಬಹಳ ಮಂದವಾಗಿ ಉಸಿರಾಡುವ ಬಿಳಿ ಬೆಳಕು, ಡಬ್ಬಿ ಜೀವಂತ ಇದೆ ಎಂದು ಅರ್ಥ. "ಬಂದದ" ಎಂದರೆ ಸ್ಥಿರವಾದ ತುಂಬು ಬೆಳಕು. 30 ನಿಮಿಷ, ಅಂದರೆ ಮೂರು ಸಲ "ನಾನಿದ್ದೇನೆ" ಕೇಳದಿದ್ದರೆ "ಗೊತ್ತಿಲ್ಲ": ಎರಡು ಮಿಟುಕು, ಬಿಡುವು, ಎರಡು ಮಿಟುಕು. ಆಗ ಮನೆಯವರು ಹಳೆಯ ಪದ್ಧತಿಯಂತೆ ಕೊಡ ಇಟ್ಟುಕೊಳ್ಳುತ್ತಾರೆ.

ಹಸಿರು, ಕೆಂಪು ಜೋಡಿ ಬೇಡ. ಗಂಡಸರಲ್ಲಿ ಹುಟ್ಟಿನಿಂದಲೇ ಇವೆರಡರ ಭೇದ ಕಾಣದವರು ಅಪರೂಪವಲ್ಲ. ನೀರೆಂದರೆ ನೀಲಿ ಎಂದು ಬರಿಯ ನೀಲಿಗೂ ಹೋಗಬೇಡಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ಬೆಳಕು ಕಡಿಮೆ ಒಳಹೋಗುತ್ತದೆ. ಅಜ್ಜಿಗೆ ಕಾಣದ ದೀಪವನ್ನು ಅಜ್ಜಿಗಾಗಿ ಮಾಡಿ ಏನು ಬಂತು? ಬಣ್ಣ ಏನಾದರೂ ಇರಲಿ, ಅರ್ಥ ನಿಲ್ಲುವುದು ಹೊಳಪು ಮತ್ತು ಲಯದ ಮೇಲೆ. ಓರೆಗಣ್ಣಿಗೆ ಬಣ್ಣ ಸರಿಯಾಗಿ ತಿಳಿಯದು, ಅಲುಗಾಟ, ಮಿಟುಕು ತಕ್ಷಣ ತಿಳಿಯುತ್ತದೆ. ಅದಕ್ಕೇ "ಬಂದಿಲ್ಲ" ಸ್ಥಿತಿಯ ಉಸಿರಾಟ ನಿಧಾನ, ಮಂದ ಇರಬೇಕು. ಇಲ್ಲದಿದ್ದರೆ ಎರಡು ದಿನ ಸುಮ್ಮನೆ ಕಣ್ಣು ಎಳೆಯುತ್ತಲೇ ಇರುತ್ತದೆ.

ಜಾಗ: ಹೊರ ಪಡಸಾಲೆಯ ಟಿವಿ ಮೇಲಲ್ಲ. ನೀರು ತುಂಬುವವರು ದಿನದ ಹೆಚ್ಚು ಹೊತ್ತು ಎಲ್ಲಿರುತ್ತಾರೋ ಅಲ್ಲಿ, ಹೆಚ್ಚಾಗಿ ಅಡುಗೆಮನೆಯ ಒಲೆಯ ಎದುರು ಗೋಡೆ. ಬಿಸಿಲು ನೇರ ಬೀಳುವ ಕಿಟಕಿಯ ಪಕ್ಕ ಬೇಡ.

ಓಣಿದೀಪ_ಕಲಬುರಗಿ

ಭಾಳ ಉಪಕಾರ್ರಿ. ಸಣ್ಣ ಓಎಲ್‌ಇಡಿ ಪರದೆ ಹಾಕಿ "ನಳ ಬಂದದ" ಅಂತ ಬರೆದ್ರ ಇನ್ನೂ ಸ್ಪಷ್ಟ ಆಗೂದಿಲ್ಲೇನ್ರಿ?

ತಂತಿ_ಬೆಸುಗೆ

ಬೇಡ. ಸಾಮಾನ್ಯ ಲೈಬ್ರರಿಗಳು ಒತ್ತಕ್ಷರ ಕೂಡಿಸುವುದಿಲ್ಲ, "ಬಂದಿಲ್ಲ" ಎಂದು ಕೊಟ್ಟರೆ ಕೊನೆಯ ಒತ್ತು ಬಿಡಿಬಿಡಿಯಾಗಿ ಬೀಳುತ್ತದೆ. ಕಂಪ್ಯೂಟರಿನಲ್ಲಿ ಬರೆದು ಚಿತ್ರ ಮಾಡಿ, ಬಿಟ್‌ಮ್ಯಾಪ್ ಆಗಿ ಹಾಕುವುದೊಂದೇ ನೆಟ್ಟಗಿನ ದಾರಿ. ಒತ್ತು ಓದಲು ಸಾಲಿಗೆ 24 ಪಿಕ್ಸೆಲ್ ಎತ್ತರವಾದರೂ ಬೇಕು. ಅಷ್ಟೆಲ್ಲ ಮಾಡಿದರೂ ಅದನ್ನು ಓದಲು ಎದುರಿಗೆ ಬಂದು ನಿಲ್ಲಬೇಕು. ಒಂದೇ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಮನೆಗಳಿರುತ್ತವೆ. ದೀಪಕ್ಕೆ ಲಿಪಿ ಬೇಡ.

ಪೈಪ್‌ಲೈನ್_ಸೇಡಂ

ನಸುಕಿನ ಮೂರಕ್ಕ ದೀಪ ಯಾರು ನೋಡ್ತಾರ್ರಿ? ಸಪ್ಪಳ ಬೇಕೇ ಬೇಕು. ಬಜರ್ ಹಾಕಿದ್ರ ಓಣಿ ಕೂಸುಗಳೆಲ್ಲಾ ಎದ್ದು ಕುಂದರ್ತಾವ.

ನೋಟ_ಕೇಳ್ಮೆ

ನಿಜ, ಮಲಗಿದವರನ್ನು ಬೆಳಕು ಎಬ್ಬಿಸುವುದು ಕಷ್ಟ. ಆದರೆ ಪೀಜೋ ಬಜರ್ ಸರಿಯಲ್ಲ, ಕಾರಣ ಕೂಸುಗಳಷ್ಟೇ ಅಲ್ಲ. ಅದರ ಸ್ವರ 2ರಿಂದ 4 ಕಿಲೋಹರ್ಟ್ಸ್, ವಯಸ್ಸಾದವರ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನೇ. ಹೊಗೆ ಎಚ್ಚರಿಕೆಯ ಸಂಶೋಧನೆಯಲ್ಲಿ 520 ಹರ್ಟ್ಸಿನ ಚೌಕ ಅಲೆ 3100 ಹರ್ಟ್ಸಿನ ಕೀಚಲು ಸ್ವರಕ್ಕಿಂತ ಹೆಚ್ಚು ಜನರನ್ನು, ಅದರಲ್ಲೂ ಕಿವಿ ಮಂದವಾದವರನ್ನು, ಕಡಿಮೆ ಗಟ್ಟಿಯಲ್ಲೇ ಎಬ್ಬಿಸಿತು. ಅಮೆರಿಕದ ಅಗ್ನಿ ಎಚ್ಚರಿಕೆ ನಿಯಮದಲ್ಲಿ ಮಲಗುವ ಜಾಗಗಳಿಗೆ ಆ ಸ್ವರವನ್ನೇ ಸೇರಿಸಿದ್ದಾರೆ. 8 ಓಮಿನ ಸಣ್ಣ ಸ್ಪೀಕರು, ಒಂದು ಟ್ರಾನ್ಸಿಸ್ಟರು ಸಾಕು. ಅರ್ಧ ಸೆಕೆಂಡು ಸ್ವರ, ಅರ್ಧ ಸೆಕೆಂಡು ಬಿಡುವು, ಎಂಟು ಸಲ. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ. ಆಮೇಲೆ ಮೌನ.

ಕೊಡದ_ಸಪ್ಪಳ_ಬೀದರ್

ಇನ್ನೊಂದು ದಾರಿ: 12 ವೋಲ್ಟಿನ ಪುಶ್-ಪುಲ್ ಸಾಲಿನಾಯ್ಡ್ (ಕರೆಂಟು ಕೊಟ್ಟರೆ ಕೋಲು ಮುಂದಕ್ಕೆ ಹಾರುವ ಸುರುಳಿ) ತಂದು ಸ್ಟೀಲ್ ತಂಬಿಗೆಯ ಮೈಗೆ ಟಣ್ ಎಂದು ಬಡಿಸುವುದು. ಆ ಸಪ್ಪಳಕ್ಕೆ ಅರ್ಥ ಕಲಿಸಬೇಕಿಲ್ಲ, ಮೊಬೈಲ್ ಸದ್ದಿನ ಜೊತೆ ಕಲೆಸಿಹೋಗುವುದೂ ಇಲ್ಲ. ಸಾಲಿನಾಯ್ಡಿಗೆ ಅಡ್ಡಲಾಗಿ 1ಎನ್4007 ಡಯೋಡ್ ಹಾಕಲೇಬೇಕು, ಇಲ್ಲದಿದ್ದರೆ ಬಿಡುವಾಗಿನ ಹಿಮ್ಮುಖ ವೋಲ್ಟೇಜು ಟ್ರಾನ್ಸಿಸ್ಟರನ್ನು ತೆಗೆಯುತ್ತದೆ. ಒಂದು ಬಡಿತಕ್ಕೆ 60 ಮಿಲಿಸೆಕೆಂಡು ಸಾಕು, ಹೆಚ್ಚು ಹೊತ್ತು ಕೊಟ್ಟರೆ ಕೋಲು ತಂಬಿಗೆಗೆ ಒತ್ತಿ ನಿಂತು ನಾದ ಸಾಯುತ್ತದೆ. ಕರೆಂಟು ಹೋದಾಗ ಬ್ಯಾಟರಿಯಿಂದ 12 ವೋಲ್ಟ್ ಏರಿಸುವ ತಾಪತ್ರಯ ಇದೆ, ಒಪ್ಪುತ್ತೇನೆ. ಆದರೂ ಎರಡು ಮೂರು ಮನೆಯಲ್ಲಿ ಇದನ್ನೂ ಹೋಲಿಸಿ ನೋಡಿ.

ಸದ್ದು ಬೇಕೋ ಬೇಡವೋ ಎನ್ನುವುದನ್ನು ಪ್ರತಿ ಮನೆ ತಾನೇ ತೀರ್ಮಾನಿಸಲಿ. ಆ್ಯಪ್ ಬೇಡ, ಗೋಡೆಯ ಲೈಟಿನ ಸ್ವಿಚ್ಚಿನಂಥದೇ ಒಂದು ಸ್ವಿಚ್ಚು. ಒತ್ತಿ ಬಿಡುವ ಗುಂಡಿ ಹಾಕಿದರೆ ಸದ್ದು ಹಚ್ಚಿದೆಯೋ ಆರಿಸಿದೆಯೋ ಕತ್ತಲಲ್ಲಿ ತಿಳಿಯದು. ಮೇಲೆ ಕೆಳಗೆ ವಾಲುವ ಸ್ವಿಚ್ಚು ಮುಟ್ಟಿದರೇ ಗೊತ್ತಾಗುತ್ತದೆ.

ಅಲೆ_866

ಮೊಬೈಲ್ ಮೆಸೇಜಿನ ಬಗ್ಗೆ ಯಾರೂ ಮಾತಾಡಿಲ್ಲ. ಅದು ಬೇಕೇ?

ನೋಟ_ಕೇಳ್ಮೆ

ನಮ್ಮ ರಾಜ್ಯದಲ್ಲೇ ಇದರ ದೊಡ್ಡ ಪಾಠ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ ಶುರುವಾದ ನೆಕ್ಸ್ಟ್‌ಡ್ರಾಪ್ ವ್ಯವಸ್ಥೆಯಲ್ಲಿ ವಾಲ್ವ್ ತಿರುಗಿಸುವವರು ಫೋನಿನಲ್ಲಿ ತಿಳಿಸಿದರೆ ಮನೆಗಳಿಗೆ ಎಸ್‌ಎಂಎಸ್ ಹೋಗುತ್ತಿತ್ತು. ಸೆನ್ಸರೇ ಇಲ್ಲದ ಜಾಣ ವಿನ್ಯಾಸ ಅದು. ಮುಂದೆ ಬೆಂಗಳೂರಿನಲ್ಲಿ ಅದರ ಪರಿಣಾಮ ಅಳೆದ ಸಂಶೋಧನೆ 2018ರಲ್ಲಿ ಪ್ರಕಟವಾಯಿತು. ನೀರಿಗಾಗಿ ಕಾಯುವ ಹೊತ್ತು ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಸುದ್ದಿ ಎರಡು ಕಡೆ ಸೋರಿಹೋಗುತ್ತಿತ್ತು: ವಾಲ್ವ್ ತಿರುಗಿಸುವವರಿಂದ ಸುದ್ದಿ ಯಾವಾಗಲೂ ಬರುತ್ತಿರಲಿಲ್ಲ, ಬಂದ ಸುದ್ದಿ ಮುಟ್ಟುವ ಫೋನು ನೀರಿಗೆ ಕಾಯುವ ಹೆಂಗಸರ ಕೈಯಲ್ಲಿರುತ್ತಿರಲಿಲ್ಲ.

ಎರಡನೆಯ ಸೋರಿಕೆ ನಿಮ್ಮ ಓಣಿಗೂ ಹೊಂದುತ್ತದೆ. ಫೋನು ಯಜಮಾನರ ಜೇಬಿನಲ್ಲಿ ಸೂಪರ್ ಮಾರ್ಕೆಟಿಗೆ ಹೋಗಿರುತ್ತದೆ, ನೀರು ತುಂಬುವವರು ಮನೆಯಲ್ಲಿರುತ್ತಾರೆ. ದೀಪ ಗೋಡೆಯಲ್ಲಿರುವುದೇ ಅದರ ದೊಡ್ಡ ಗುಣ. ಮೆಸೇಜು ಕೈಬಿಡಿ. ಹೊರಗೆ ಹೋದವರು ತಾವೇ ವಿಚಾರಿಸಲು ಒಂದು ಫೋನ್ ನಂಬರ್ ಇಡಬೇಕೆನಿಸಿದರೆ ಒಂದೇ ವಾಕ್ಯ ಹೇಳಿ ಮುಗಿಸಿ, ಅದೂ ಓಣಿಯ ದನಿಯಲ್ಲಿ ರೆಕಾರ್ಡ್ ಮಾಡಿದ್ದು. ಆಯ್ಕೆ ಕೇಳಲೇಬೇಕಾದರೆ ಮಾತಿನಲ್ಲಲ್ಲ, ಗುಂಡಿಯಲ್ಲಿ ಕೇಳಿ. ಗುಜರಾತಿನ ರೈತರೊಂದಿಗೆ ನಡೆಸಿ 2009ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಗುಂಡಿ ಒತ್ತುವ ಪದ್ಧತಿಯೇ ಹೆಚ್ಚು ಕೆಲಸ ಪೂರೈಸಿತು.

ತಂತಿ_ಬೆಸುಗೆ

ಮನೆಯ ಡಬ್ಬಿಯ ವಿದ್ಯುತ್ತು: ಲೋರಾ ಸದಾ ಕೇಳುತ್ತಿರಲು ಸುಮಾರು 12 ಮಿಲಿಆಂಪಿಯರ್, ದಿನಕ್ಕೆ 290 ಮಿಲಿಆಂಪಿಯರ್-ತಾಸು. ಇಎಸ್‌ಪಿ32 ಲೈಟ್ ಸ್ಲೀಪಿನಲ್ಲಿರಲಿ, ಸುದ್ದಿ ಬಂದಾಗ ರೇಡಿಯೊದ ಡಿಐಒ0 ಪಿನ್ನು ಅದನ್ನು ಎಬ್ಬಿಸಲಿ. ಮೊಬೈಲ್ ಚಾರ್ಜರು, ಜೊತೆಗೆ 2000 ಮಿಲಿಆಂಪಿಯರ್-ತಾಸಿನ ಒಂದು 18650 ಲಿಥಿಯಂ ಸೆಲ್ಲು ಇದ್ದರೆ ಕರೆಂಟಿಲ್ಲದೆ ನಾಲ್ಕೈದು ದಿನ ನಡೆಯುತ್ತದೆ.

ನಮ್ಮ ಬೇಸಿಗೆಗೆ ಒಂದು ಎಚ್ಚರಿಕೆ. ಟಿಪಿ4056 ಚಾರ್ಜರ್ ಬೋರ್ಡು ಬರುವುದು 1 ಆಂಪಿಯರಿಗೆ ಹೊಂದಿಸಿ, ಆ ಚಿಪ್ಪೇ ಸುಡುವಷ್ಟು ಬಿಸಿಯಾಗುತ್ತದೆ. ಸಾಮಾನ್ಯ ಲಿಥಿಯಂ ಸೆಲ್ಲನ್ನು 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡಬಾರದು. ತಗಡಿನ ಕೆಳಗಿನ ಅಡುಗೆಮನೆ ಮೇ ತಿಂಗಳಲ್ಲಿ ತಾನೇ ಅಲ್ಲಿಗೆ ಮುಟ್ಟುತ್ತದೆ. ಬೋರ್ಡಿನ 1.2 ಕಿಲೋಓಮ್ ರೆಸಿಸ್ಟರು ತೆಗೆದು 10 ಕಿಲೋಓಮ್ ಹಾಕಿದರೆ ಚಾರ್ಜು 130 ಮಿಲಿಆಂಪಿಯರಿಗೆ ಇಳಿಯುತ್ತದೆ. ತಗಡಿನ ಮನೆಗಳಿಗೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲು ಇನ್ನೂ ಕ್ಷೇಮ, ಆದರೆ ಅದಕ್ಕೆ ಟಿಪಿ4056 ಆಗದು, 3.6 ವೋಲ್ಟಿಗೆ ನಿಲ್ಲುವ ಬೇರೆ ಚಾರ್ಜರು ಬೇಕು.

ಕೊಡದ_ಸಪ್ಪಳ_ಬೀದರ್

14 ಡಬ್ಬಿ ಕಟ್ಟುವ ಮೊದಲು ಸೆನ್ಸರೇ ಇಲ್ಲದೆ ಪರೀಕ್ಷೆ ಮಾಡಿ. ನಾಲ್ಕು ಮನೆಗೆ ದೀಪ ಮಾತ್ರ ಕೊಡಿ. ಓಣಿ ತುದಿಯ ಮನೆಯವರೊಬ್ಬರ ಕೈಗೆ ಒಂದು ಸ್ವಿಚ್ಚು: ನೀರು ಬಂದಾಗ ಒತ್ತುವುದು, ಹೋದಾಗ ಒತ್ತುವುದು. ದೀಪದ ಜಾಗ ತಪ್ಪೇ, ಬೆಳಕು ಹೆಚ್ಚೇ, ಸದ್ದು ಕಡಿಮೆಯೇ ಎನ್ನುವುದೆಲ್ಲ ಇದರಲ್ಲೇ ಹೊರಬೀಳುತ್ತದೆ. ಸ್ವಿಚ್ಚಿನ ಹಿಂದೆ ಮನುಷ್ಯ ಇದ್ದಾರೆಂದು ಮನೆಯವರಿಗೆ ಮೊದಲೇ ಹೇಳಿ, ನೀರಿನ ವಿಷಯದಲ್ಲಿ ಮುಚ್ಚಿಡಬಾರದು.

ನೋಟ_ಕೇಳ್ಮೆ

ಪರೀಕ್ಷೆಯನ್ನು ದಿನದಲ್ಲಿ ಎಣಿಸಬೇಡಿ, ನೀರು ಬಂದ ಸಲದಲ್ಲಿ ಎಣಿಸಿ. ಎರಡು ವಾರವೆಂದರೆ ಐದಾರು ಸಲ ಮಾತ್ರ, ಏನೂ ತಿಳಿಯದು. ಆರೇಳು ವಾರ ನಡೆಸಿದರೆ ಹದಿನೈದಿಪ್ಪತ್ತು ಸಲ ಸಿಗುತ್ತದೆ, ಅದರಲ್ಲಿ ರಾತ್ರಿಯವು ಎಷ್ಟೆಂದು ಬೇರೆ ಬರೆದಿಡಿ.

"ದೀಪ ಛಲೋ ಅದ ಏನ್ರೀ?" ಎಂದು ಕೇಳಬೇಡಿ. ಛಲೋ ಅದ ಎಂದೇ ಹೇಳುತ್ತಾರೆ, ಚಹಾ ಕೊಟ್ಟು ಹೇಳುತ್ತಾರೆ. ಬೆಂಗಳೂರಿನಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಒಂದೇ ತೆರನ ಎರಡು ಸಾಧನ ತೋರಿಸಿ, ಒಂದನ್ನು ಕೇಳುವವರೇ ಮಾಡಿದ್ದೆಂದು ತಿಳಿಸಿದಾಗ ಜನ ಅದನ್ನು ಮೆಚ್ಚುವ ಸಾಧ್ಯತೆ ಎರಡೂವರೆ ಪಟ್ಟಾಯಿತು. ಕೇಳುವವರು ಪರದೇಶದವರಾಗಿ ದುಭಾಷಿ ನಡುವೆ ಇದ್ದರೆ ಐದು ಪಟ್ಟು.

ಬದಲಿಗೆ ಮೂರು ವೇಳೆ ಹಿಡಿಯಿರಿ: ನೀರು ಬಂದದ್ದು, ದೀಪ ಹೊತ್ತಿದ್ದು, ಮನೆಯವರು ನಳಕ್ಕೆ ಬಂದದ್ದು. ಕೊನೆಯದಕ್ಕೆ ನಳದ ಪಕ್ಕ ದಾರ ಕಟ್ಟಿದ ಪೆನ್ಸಿಲು, ಒಂದು ಹಾಳೆ ಸಾಕು. ಸುಳ್ಳು ಎಚ್ಚರಿಕೆ ಎಷ್ಟು, ತಪ್ಪಿಸಿಕೊಂಡದ್ದೆಷ್ಟು ಎಂದು ಬೇರೆ ಬೇರೆ ಬರೆಯಿರಿ. ಎರಡರ ಬೆಲೆ ಒಂದೇ ಅಲ್ಲ. ನಸುಕಿನಲ್ಲಿ "ಹುಲಿ ಬಂತು ಹುಲಿ" ಎಂದು ಎರಡು ಸಲ ಸುಳ್ಳೆಬ್ಬಿಸಿದರೆ ಸದ್ದಿನ ಸ್ವಿಚ್ಚು ಆರಿಸಿಬಿಡುತ್ತಾರೆ, ಆಮೇಲೆ ನಿಜ ಬಂದರೂ ಕೇಳದು. ಯಾವ ಮನೆಯಲ್ಲಿ ಆ ಸ್ವಿಚ್ಚು ಯಾವ ವಾರ ಆರಿತು ಎಂಬ ಒಂದು ಸಂಗತಿ ಹತ್ತು ಪ್ರಶ್ನೆಗಿಂತ ಹೆಚ್ಚು ಹೇಳುತ್ತದೆ.

ಮನೆಯ ಡಬ್ಬಿಯಿಂದ ಹಿಂದಕ್ಕೆ ಯಾವ ಸುದ್ದಿಯೂ ಹೋಗಬಾರದು. ಯಾರು ಎಷ್ಟೊತ್ತಿಗೆ ಎದ್ದರು, ಯಾರ ಮನೆ ಬೀಗ ಹಾಕಿದೆ ಎಂದು ಗೊತ್ತಾಗುವಂಥ ದಾಖಲೆ ಓಣಿಗೆ ಬೇಡ. ಕೇಳುವುದಷ್ಟೇ ಡಬ್ಬಿಯ ಕೆಲಸ.

ಓಣಿದೀಪ_ಕಲಬುರಗಿ

ಹಂಗಾದ್ರ ಈಗಿನ ವಿಚಾರ ಹೇಳ್ತೀನಿ, ನೋಡ್ರಿ. ಮೊದಲು ನಾಕು ಮನಿಗೆ ದೀಪ, ತುದಿ ಮನಿಗೆ ಸ್ವಿಚ್ಚು. ಎರಡು ಮನಿಯಾಗ 520 ಹರ್ಟ್ಸ್ ಸ್ಪೀಕರು, ಎರಡು ಮನಿಯಾಗ ತಂಬಿಗಿ. ಅದು ಕುದುರಿದ ಮ್ಯಾಲ 4 ಲೀಟರ್ ಡ್ರಿಪ್ಪರು, ಓರೆ ಪಟ್ಟಿ, ಲೋರಾ. ಮೆಸೇಜು, ಪರದೆ, ಹಸಿರು ಕೆಂಪು ಎಲ್ಲಾ ಬಿಟ್ಟೆ. ಒಂದು ಕೇಳೋದದ: ಡ್ರಿಪ್ಪರು ಕಟ್ಟಿಕೊಂಡದ್ದು ಹೆಂಗ ಗೊತ್ತಾಗ್ಬೇಕು? ಆಗ ನೀರು ಬಂದ್ರೂ ಪಟ್ಟಿ ಒಣಾನೇ ಇರ್ತದಲ್ಲ, ಡಬ್ಬಿ "ಬಂದಿಲ್ಲ" ಅಂತ ಉಸಿರಾಡಕೋತ ಕುಂದರ್ತದ.

ಹನಿನೀರು_ಯಾದಗಿರಿ

ಬರೋಬ್ಬರಿ ಜಾಗಾ ಹಿಡಿದ್ರಿ. ಎರಡು ಉಪಾಯ ಅವ. ಓಣಿಯ ಎರಡು ಬ್ಯಾರೆ ನಳಕ್ಕ ಎರಡು ಡ್ರಿಪ್ಪರ್ ಹಚ್ಚಿ, ಎರಡರಾಗ ಯಾವ್ದು ತೊಯ್ದ್ರೂ "ಬಂದದ" ಅನ್ರಿ. ಒಂದು ತೊಯ್ದು ಇನ್ನೊಂದು ಅರ್ಧ ತಾಸಾದ್ರೂ ಒಣಾನೇ ಇದ್ರ ಅದು ಕಟ್ಟ್ಯಾದ ಅಂತ ತಿಳಕೊಂಡು ಸೆನ್ಸರ್ ಡಬ್ಬಿ ಮ್ಯಾಲ ಒಂದು ಸಣ್ಣ ದೀಪ ಮಿಟುಕಲಿ. ಎರಡನೇದು, ನಾಕು ದಿನ ಆದ್ರೂ ಒಮ್ಮೆಯೂ ತೊಯ್ದಿಲ್ಲಂದ್ರ ಮನಿ ದೀಪಗಳೆಲ್ಲಾ "ಗೊತ್ತಿಲ್ಲ" ಸ್ಥಿತಿಗೆ ಹೋಗ್ಲಿ. ನಿಮ್ಮ ಓಣಿಗೆ ಮೂರು ದಿನದೊಳಗ ಬರ್ತದಂದ್ರಲ್ಲ, ಅದಕ್ಕ ನಾಕು.

ತೊಳಿಯೋದು ಮಳಿಗಾಲದಾಗ ಹದಿನೈದು ದಿನಕ್ಕೊಮ್ಮೆ, ಉಳಿದಾಗ ತಿಂಗಳಿಗೊಮ್ಮೆ. ಡ್ರಿಪ್ಪರಿನ ಮುಚ್ಚಳ ತಿರುವಿ ಬಿಚ್ಚಿ, ನಿಂಬೆಹುಳಿ ಕಲಸಿದ ನೀರಾಗ ಒಂದು ತಾಸು ನೆನಸಿ ಹಳೆ ಹಲ್ಲಿನ ಬ್ರಶ್ಶಿನಿಂದ ತಿಕ್ಕಿದ್ರ ಆಯ್ತು. ಬೋಲ್ಟಿನ ಮ್ಯಾಲ ಬಿಳಿ ಪದರು ಕಟ್ಟಿದ್ರ ಅದಕ್ಕೂ ಅದೇ ನೀರು. ಸೂಜಿ, ತಂತಿ ಹಾಕಿ ತೂತು ಚುಚ್ಚಬ್ಯಾಡ್ರಿ, ದಾರಿ ಅಗಲಾಗಿ ಹನಿ ಹೋಗಿ ಧಾರಿ ಆಗ್ತದ.